ಸದ್ದಿಲ್ಲದೆ ತಗಡು ಮಡಿಸುವ ಅಯಸ್ಕಾಂತ

ಫ್ಲ್ಯಾಟಿನಲ್ಲಿ ವಾಸಿಸುವವರಿಗೆ ಸುತ್ತಿಗೆ ಬಹಳ ದುಬಾರಿ ಉಪಕರಣ. ಅಂಗಡಿಯಲ್ಲಿ ಅದು ಅಗ್ಗಕ್ಕೇ ಸಿಗುತ್ತದೆ, ನಿಜ. ಆದರೆ ಭಾನುವಾರ ಮಧ್ಯಾಹ್ನ ಬಾಲ್ಕನಿಯಲ್ಲಿ ತಗಡಿನ ಮೇಲೆ ನಾಲ್ಕು ಏಟು ಹಾಕಿ ನೋಡಿ, ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಅದರ ನಿಜವಾದ ಬೆಲೆ ತಿಳಿಯುತ್ತದೆ. ಮುಂಬೈ, ಪುಣೆ, ಚೆನ್ನೈಗಳಲ್ಲಿ ಮನೆಯಲ್ಲೇ ಸಣ್ಣ ವರ್ಕ್‌ಶಾಪ್ ಇಟ್ಟುಕೊಂಡವರು ಮರದ ಕೆಲಸ ಮಾಡುತ್ತಾರೆ, ಎಲೆಕ್ಟ್ರಾನಿಕ್ಸ್ ಮಾಡುತ್ತಾರೆ, ಈಗೀಗ ತ್ರೀಡಿ ಪ್ರಿಂಟರನ್ನೂ ಇಡುತ್ತಾರೆ. ತಗಡಿನ ಕೆಲಸ ಬಂದಾಗ ಮಾತ್ರ ಕೈಚೆಲ್ಲಿ ಫ್ಯಾಬ್ರಿಕೇಶನ್ ಅಂಗಡಿಗೆ ಓಡುತ್ತಾರೆ. ಒಂದು ಆಂಪ್ಲಿಫೈಯರಿನ ಪೆಟ್ಟಿಗೆ, ಕಿಟಕಿಯ ಗಿಡಗಳ ಕೆಳಗಿಡುವ ತಟ್ಟೆ, ಬಾಲ್ಕನಿಯ ಸ್ವಿಚ್ ಬೋರ್ಡಿಗೆ ಮಳೆ ತಾಗದಂತೆ ಒಂದು ಮುಚ್ಚಳ – ಇಂಥ ಒಂಟಿ ಕೆಲಸವನ್ನು ಅಂಗಡಿಯವರು ಇಷ್ಟಪಟ್ಟು ಮಾಡುವುದಿಲ್ಲ. ಅವರಿಗೆ ನೂರು ಪೆಟ್ಟಿಗೆ ಬೇಕು, ನಮಗೆ ಒಂದು ಸಾಕು.

ಈ ಸಲದ ಅಂಕಣ ಅದಕ್ಕೊಂದು ದಾರಿಯ ಬಗ್ಗೆ: ತಗಡನ್ನು ವಿದ್ಯುತ್ಕಾಂತದಿಂದ ಹಿಡಿದು ಮಡಿಸುವ ಯಂತ್ರ. ಏಟಿಲ್ಲ, ಸದ್ದಿಲ್ಲ. ಕಟ್ಟುವುದು ಕಷ್ಟವೇನಲ್ಲ, ಆದರೆ ಲೆಕ್ಕ ಬಿಟ್ಟು ಕಟ್ಟಿದರೆ ಒಂದೋ ತಗಡು ಜಾರುತ್ತದೆ, ಇಲ್ಲವೇ ಸುರುಳಿ ಸುಡುತ್ತದೆ. ನೇರ ಮೇನ್ಸ್ ವಿದ್ಯುತ್ತಿನಲ್ಲಿ ಓಡುವುದರಿಂದ ಎಚ್ಚರ ತಪ್ಪಿದರೆ ಪ್ರಾಣಕ್ಕೂ ಅಪಾಯ. ಹಾಗಾಗಿ ಲೆಕ್ಕವನ್ನು ಸ್ವಲ್ಪ ನಿಧಾನವಾಗಿಯೇ ನೋಡೋಣ.

ನಾಲ್ಕನೇ ಗೋಡೆಯ ತೊಂದರೆ

ತಗಡು ಮಡಿಸಲು ಬೇಕಾದದ್ದು ಮೂರೇ ವಸ್ತು: ಕೆಳಗೊಂದು ಹಾಸು, ಮೇಲಿಂದ ಅದುಮುವ ಪಟ್ಟಿ, ಮುಂದೆ ಕೀಲಿನ ಮೇಲೆ ಎದ್ದು ತಗಡನ್ನು ಮಡಿಸುವ ತೊಲೆ. ಎರಡು ಆಂಗಲ್ ಕಬ್ಬಿಣ, ಎರಡು ಸಿ-ಕ್ಲ್ಯಾಂಪ್ ಇದ್ದರೂ ನೇರ ಮಡಿಕೆ ಬರುತ್ತದೆ. ನಿಮ್ಮ ಕೆಲಸವೆಲ್ಲ ನೇರ ಮಡಿಕೆಯದೇ ಆದರೆ ಅಷ್ಟೇ ಸಾಕು, ಈ ಯಂತ್ರ ನಿಮಗೆ ಬೇಡ.

ತೊಂದರೆ ಶುರುವಾಗುವುದು ಪೆಟ್ಟಿಗೆ ಮಾಡುವಾಗ. ಎದುರುಬದುರಿನ ಎರಡು ಗೋಡೆ ಸುಲಭವಾಗಿ ಏಳುತ್ತವೆ. ಮೂರನೆಯದಕ್ಕೆ ಬಂದಾಗ ಆಗಲೇ ಎದ್ದುನಿಂತ ಗೋಡೆಗಳು ಉದ್ದದ ಪಟ್ಟಿಗೆ ತಾಗುತ್ತವೆ. ಪಟ್ಟಿಯನ್ನು ಪೆಟ್ಟಿಗೆಯ ಒಳಅಗಲಕ್ಕೆ ಕತ್ತರಿಸೋಣವೆಂದರೆ, ಅದನ್ನು ಎರಡು ತುದಿಯಲ್ಲಿ ಹಿಡಿಯುವ ಕ್ಲ್ಯಾಂಪಿಗೆ ಜಾಗ ಉಳಿಯುವುದಿಲ್ಲ. ಕಾರ್ಖಾನೆಯಲ್ಲಿ ಇದಕ್ಕೆ ಬೆರಳುಗಳಂತೆ ಬಿಡಿಬಿಡಿ ತುಂಡುಗಳಿರುವ ಭಾರಿ ಯಂತ್ರ ಇರುತ್ತದೆ. ಅದರಲ್ಲೂ ಆ ಬೆರಳುಗಳನ್ನು ಹೊತ್ತ ಚೌಕಟ್ಟು ಮೇಲೆ ಇದ್ದೇ ಇರುತ್ತದೆ, ಹಾಗಾಗಿ ಪೆಟ್ಟಿಗೆಯ ಎತ್ತರಕ್ಕೆ ಒಂದು ಮಿತಿ.

1970ರ ದಶಕದಲ್ಲಿ ಆಸ್ಟ್ರೇಲಿಯಾದ ಅಲನ್ ಬಾಟಮ್ಲಿ ಈ ಚೌಕಟ್ಟನ್ನೇ ತೆಗೆದುಹಾಕುವ ಉಪಾಯ ಕಂಡುಹಿಡಿದರು. ಕೆಳಗಿನ ಹಾಸನ್ನೇ ಒಂದು ಉದ್ದನೆಯ ವಿದ್ಯುತ್ಕಾಂತ ಮಾಡಿದರು. ಮೇಲಿನ ಪಟ್ಟಿ ಬರೀ ಒಂದು ಕಬ್ಬಿಣದ ತುಂಡು. ತಗಡಿನ ಮೇಲೆ ಇಡಿ, ಕರೆಂಟು ಕೊಡಿ, ಹಿಡಿದುಕೊಳ್ಳುತ್ತದೆ. ಕರೆಂಟು ತೆಗೆದರೆ ಕೈಯಲ್ಲಿ ಎತ್ತಿಡಬಹುದು. ಮ್ಯಾಗ್ನಬೆಂಡ್ ಎಂಬ ಹೆಸರಿನಲ್ಲಿ ಅದು ಮಾರಾಟಕ್ಕೂ ಬಂತು. ಪಟ್ಟಿಯನ್ನು ಯಾವುದೂ ಮೇಲಿನಿಂದ ಹಿಡಿದಿಲ್ಲವಾದ್ದರಿಂದ ಅದು ನಾಲ್ಕು ಇಂಚಿನದಿರಬಹುದು, ಎರಡು ಅಡಿಯದಿರಬಹುದು. ಪೆಟ್ಟಿಗೆ ಎಷ್ಟು ಎತ್ತರವಾದರೂ ಇರಬಹುದು. ಸುತ್ತಲೂ ಮಡಿಸಿ ಕೊಳವೆಯಂತೆ ಮುಚ್ಚಿದರೂ ಪಟ್ಟಿಯನ್ನು ಪಕ್ಕದಿಂದ ಎಳೆದು ತೆಗೆಯಬಹುದು. ಈ ಯಂತ್ರದ ಲಾಭವೆಲ್ಲ ಇದೊಂದೇ ಮಾತಿನಲ್ಲಿದೆ.

ಹಿಡಿತ ಎಷ್ಟು?

ಕಾಂತಕ್ಷೇತ್ರವನ್ನು ಅಳೆಯುವ ಮಾನ ಟೆಸ್ಲಾ. ಆಸ್ಪತ್ರೆಯ ಎಂಆರ್‌ಐ ಯಂತ್ರಗಳು ಸಾಮಾನ್ಯವಾಗಿ 1.5 ಅಥವಾ 3 ಟೆಸ್ಲಾದವು. ನಮ್ಮ ಯಂತ್ರದ ಕಬ್ಬಿಣದೊಳಗೂ 1.5 ಟೆಸ್ಲಾ ತರಬಹುದು. ವ್ಯತ್ಯಾಸವೇನೆಂದರೆ ಇಲ್ಲಿ ಅದು ದಾಟಬೇಕಾದ ಖಾಲಿ ಜಾಗ ಒಂದೆರಡು ಮಿಲಿಮೀಟರು ಮಾತ್ರ.

ಒಂದು ಟೆಸ್ಲಾ ಇದ್ದಾಗ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 4 ಕಿಲೋ ತೂಕದಷ್ಟು ಸೆಳೆತ. 1.5 ಟೆಸ್ಲಾಕ್ಕೆ 9 ಕಿಲೋ. 2 ಟೆಸ್ಲಾಕ್ಕೆ 16 ಕಿಲೋ. ಕ್ಷೇತ್ರ ಎರಡರಷ್ಟಾದರೆ ಸೆಳೆತ ನಾಲ್ಕರಷ್ಟು. ಆದರೆ ಸಾಧಾರಣ ಎಂ.ಎಸ್. ಕಬ್ಬಿಣ 2 ಟೆಸ್ಲಾದ ಆಸುಪಾಸಿನಲ್ಲಿ ತುಂಬಿಹೋಗುತ್ತದೆ. ಅದರಾಚೆ ಎಷ್ಟು ಕರೆಂಟು ಸುರಿದರೂ ಸುರುಳಿ ಬಿಸಿಯಾಗುವುದೇ ಹೆಚ್ಚು, ಹಿಡಿತ ಹೆಚ್ಚುವುದು ಅತ್ಯಲ್ಪ.

ಮನೆಗೆ ಹೊಂದುವ ಒಂದು ಅಳತೆ ಹೇಳುತ್ತೇನೆ. ಎರಡು ಅಡಿ, ಅಂದರೆ 600 ಮಿ.ಮೀ. ಮಡಿಕೆ. ಹಾಸಿನ ಅಡ್ಡಸೀಳು ಇಂಗ್ಲಿಷಿನ ಇ ಅಕ್ಷರವನ್ನು ಅಂಗಾತ ಮಲಗಿಸಿದಂತೆ: ನಡುವೆ 30 ಮಿ.ಮೀ. ಅಗಲದ ಗೋಡೆ, ಅದರ ಎರಡೂ ಕಡೆ 20 ಮಿ.ಮೀ. ಅಗಲ, 30 ಮಿ.ಮೀ. ಆಳದ ಕಾಲುವೆ, ಹೊರಗೆ 15 ಮಿ.ಮೀ.ನ ಒಂದೊಂದು ಗೋಡೆ. ಒಟ್ಟು ಅಗಲ 100 ಮಿ.ಮೀ. ಸುರುಳಿ ನಡುಗೋಡೆಯ ಸುತ್ತ ಕಾಲುವೆಗಳಲ್ಲಿ ಕೂರುತ್ತದೆ. ಅದು ತುದಿಯಲ್ಲಿ ತಿರುಗಲು ಜಾಗ ಬೇಕು, ಆದ್ದರಿಂದ ನಡುಗೋಡೆ 600, ಹಾಸಿನ ಒಟ್ಟು ಉದ್ದ 650 ಮಿ.ಮೀ. ಇರಲಿ.

ನಡುಗೋಡೆಯಿಂದ ಮೇಲೇರಿದ ಕಾಂತಪ್ರವಾಹ ಪಟ್ಟಿಯೊಳಗೆ ಎರಡಾಗಿ ಒಡೆದು ಹೊರಗೋಡೆಗಳಲ್ಲಿ ಇಳಿಯುತ್ತದೆ. ಅರ್ಧರ್ಧ ಹಂಚಿಕೊಳ್ಳುವುದರಿಂದಲೇ ಹೊರಗೋಡೆ, ತಳ, ಪಟ್ಟಿ ಎಲ್ಲದರ ದಪ್ಪ ನಡುಗೋಡೆಯ ಅರ್ಧದಷ್ಟಾದರೂ ಇರಬೇಕು. ತಳಕ್ಕೆ 16 ಮಿ.ಮೀ., ಪಟ್ಟಿಗೆ 20 ಮಿ.ಮೀ. ಫ್ಲ್ಯಾಟ್ ತಂದರೆ ಸರಿ. ಒಂದು ಕಡೆ ಕಬ್ಬಿಣ ಉಳಿಸಿದರೆ ಇಡೀ ದಾರಿ ಅಲ್ಲೇ ಕಟ್ಟಿಕೊಳ್ಳುತ್ತದೆ, ರಸ್ತೆಯ ಒಂದೇ ಕಡೆ ಅಗೆದರೂ ಟ್ರಾಫಿಕ್ ಪೂರ್ತಿ ನಿಲ್ಲುವ ಹಾಗೆ.

ಮೂರೂ ಗೋಡೆ ಸೇರಿ ಸುಮಾರು 360 ಚದರ ಸೆಂ.ಮೀ. 1.5 ಟೆಸ್ಲಾದಲ್ಲಿ ಮೂರು ಟನ್ನಿಗೂ ಮೇಲೆ ಹಿಡಿತ. ಒಂದು ಮಿ.ಮೀ. ಎಂ.ಎಸ್. ತಗಡನ್ನು ಎರಡಡಿ ಉದ್ದಕ್ಕೆ ಮಡಿಸಲು ಇದು ಧಾರಾಳ. ಒಂದಡಿ ಉದ್ದದ ಹಿಡಿಕೆ ಇದ್ದರೆ ನಿಮ್ಮ ತೋಳು ಹಾಕಬೇಕಾದ ಬಲ ಹದಿಮೂರು ಹದಿನಾಲ್ಕು ಕಿಲೋ ತೂಕದಷ್ಟು.

ತಾಮ್ರದ ಲೆಕ್ಕ

ಕಾಂತಪ್ರವಾಹಕ್ಕೆ ಕಬ್ಬಿಣದೊಳಗೆ ಹರಿಯುವುದು ಸುಲಭ, ಗಾಳಿಯಲ್ಲಿ ದಾಟುವುದು ಕಷ್ಟ. ಅಲ್ಯೂಮಿನಿಯಂ, ತಾಮ್ರ, ಹಿತ್ತಾಳೆ ಮತ್ತು 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಅದರ ಪಾಲಿಗೆ ಗಾಳಿಯೇ. ಮಾಟುಂಗಾದ ಉಡುಪಿ ಹೋಟೆಲುಗಳಲ್ಲಿ ಕಾಣುವಂಥ ಸ್ಟೀಲ್ ಕೌಂಟರ್ ನಿಮ್ಮ ಕನಸಾಗಿದ್ದರೆ ಇದು ನೆನಪಿರಲಿ. ಎಂ.ಎಸ್., ಜಿ.ಐ. ತಗಡುಗಳಾದರೆ ತಾವೇ ಕಬ್ಬಿಣವಾದ್ದರಿಂದ ಸ್ವಲ್ಪ ಪ್ರವಾಹವನ್ನು ಅಡ್ಡದಾರಿಯಲ್ಲಿ ಕದಿಯುತ್ತವೆ. ಆದರೆ ತೆಳುವಾದ್ದರಿಂದ ಬೇಗ ತುಂಬಿಹೋಗಿ, ಉಳಿದದ್ದನ್ನು ಮೇಲಕ್ಕೆ ಬಿಡುತ್ತವೆ.

ಪ್ರವಾಹವನ್ನು ತಳ್ಳುವ ಶಕ್ತಿ ಆಂಪಿಯರ್-ಸುತ್ತು: ಕರೆಂಟನ್ನು ಸುತ್ತುಗಳ ಸಂಖ್ಯೆಯಿಂದ ಗುಣಿಸಿದ್ದು. 1.5 ಟೆಸ್ಲಾದಲ್ಲಿ ಒಂದು ಮಿ.ಮೀ. ಗಾಳಿ ದಾಟಲು ಸುಮಾರು 1,200 ಆಂಪಿಯರ್-ಸುತ್ತು ಬೇಕು. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ದಾಟಬೇಕಾದ್ದರಿಂದ ಒಂದು ಮಿ.ಮೀ. ಅಲ್ಯೂಮಿನಿಯಂಗೆ 2,400. ಕಬ್ಬಿಣದ ಪಾಲು, ಕೀಲುಸಂದುಗಳ ಪಾಲು, ಸೋರಿಕೆ ಎಲ್ಲ ಸೇರಿಸಿ 4,000ಕ್ಕೆ ಕಡಿಮೆಯಾಗದಂತೆ ನೋಡಿಕೊಳ್ಳಿ.

ಇಲ್ಲಿ ಬಹಳ ಜನ ಹಿಡಿತ ಸಾಲದು ಎಂದರೆ ಸುತ್ತು ಹೆಚ್ಚಿಸೋಣ ಎನ್ನುತ್ತಾರೆ. ಲೆಕ್ಕ ಹಾಕಿ ನೋಡಿ. ಸುತ್ತು ಎರಡರಷ್ಟು ಮಾಡಿದರೆ ತಂತಿಯ ಉದ್ದ ಎರಡರಷ್ಟು, ರೋಧ ಎರಡರಷ್ಟು, ಕರೆಂಟು ಅರ್ಧ. ಗುಣಲಬ್ಧ ಇದ್ದಲ್ಲೇ ಇರುತ್ತದೆ! ವೋಲ್ಟೇಜು ಒಂದೇ ಆಗಿರುವಾಗ ಹಿಡಿತವನ್ನು ತೀರ್ಮಾನಿಸುವುದು ತಂತಿಯ ದಪ್ಪ ಮತ್ತು ಒಂದು ಸುತ್ತಿನ ಉದ್ದ, ಇವೆರಡೇ. ಸುತ್ತು ಹೆಚ್ಚಿಸಿದರೆ ಸಿಗುವ ಲಾಭವೆಂದರೆ ಬಿಸಿ ಕಡಿಮೆಯಾಗುವುದು. ಹಿಡಿತಕ್ಕೆ ಗೇಜು, ತಂಪಿಗೆ ಸುತ್ತು – ಇಷ್ಟು ನೆನಪಿಟ್ಟರೆ ಸಾಕು.

ನಮ್ಮ ಅಳತೆಯಲ್ಲಿ ಒಂದು ಸುತ್ತಿನ ಸರಾಸರಿ ಉದ್ದ ಸುಮಾರು 1.4 ಮೀಟರು. 230 ವೋಲ್ಟ್ ಮೇನ್ಸನ್ನು ಬ್ರಿಡ್ಜ್ ರೆಕ್ಟಿಫೈಯರ್ ಮೂಲಕ ಹಾಯಿಸಿದರೆ ಸರಾಸರಿ 207 ವೋಲ್ಟ್ ಡಿ.ಸಿ. 22 ಗೇಜ್ ತಂತಿ ಹಾಕಿದರೆ ಸಿಗುವುದು 3,400 ಆಂಪಿಯರ್-ಸುತ್ತು, ಸಾಲದು. 21 ಗೇಜ್ ಹಾಕಿದರೆ 4,400, ಸರಿಹೋಯಿತು. ಕಾಲುವೆಯಲ್ಲಿ ಸುಮಾರು 620 ಸುತ್ತು ಹಿಡಿಸುತ್ತದೆ. ತಂತಿ 870 ಮೀಟರ್, ತಾಮ್ರ ನಾಲ್ಕು ಕಿಲೋ, ರೋಧ 29 ಓಮ್, ಕರೆಂಟು 7 ಆಂಪಿಯರ್ ಚಿಲ್ಲರೆ. ಗೀಸರಿನ 16 ಆಂಪಿಯರ್ ಸಾಕೆಟ್ಟಿಗೆ ಇದೇನೂ ಹೊರೆಯಲ್ಲ.

ಆದರೆ ಒಂದೂವರೆ ಕಿಲೋವಾಟ್ ಪೂರ್ತಿ ಆ ನಾಲ್ಕು ಕಿಲೋ ತಾಮ್ರದಲ್ಲಿ ಬಿಸಿಯಾಗುತ್ತದೆ. ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಡಿಗ್ರಿ. ಒಂದು ಮಡಿಕೆಗೆ ಹತ್ತು ಸೆಕೆಂಡು ಹಿಡಿದರೆ ಹತ್ತು ಡಿಗ್ರಿ ಏರುತ್ತದೆ, ಮುಂದಿನ ತಗಡಿಗೆ ಗುರುತು ಹಾಕುವಷ್ಟರಲ್ಲಿ ಆ ಬಿಸಿ ಸುತ್ತಲ ಕಬ್ಬಿಣಕ್ಕೆ ಹರಡಿಕೊಳ್ಳುತ್ತದೆ. ಆನ್ ಮಾಡಿಟ್ಟು ಫೋನ್ ಬಂತೆಂದು ಎರಡು ನಿಮಿಷ ಆಚೆ ಹೋದರೆ ಸುರುಳಿಯ ಎನಾಮಲ್ ಮತ್ತು ವಾರ್ನಿಷಿನ ಪರೀಕ್ಷೆಯಾಗುತ್ತದೆ. ಆದ್ದರಿಂದ ಸುರುಳಿಯೊಳಗೆ 70 ಡಿಗ್ರಿಗೆ ಕತ್ತರಿಸುವ ಸಣ್ಣ ಥರ್ಮೋಸ್ಟಾಟ್ ಒಂದನ್ನು ಹುದುಗಿಸಲೇಬೇಕು.

ದಪ್ಪ ತಗಡಿನ ಆಸೆಯನ್ನೂ ಇಲ್ಲೇ ಅಳೆದುಬಿಡಿ. ಎರಡು ಮಿ.ಮೀ. ಅಲ್ಯೂಮಿನಿಯಂ ಇಟ್ಟರೆ ಕ್ಷೇತ್ರ ಒಂದು ಟೆಸ್ಲಾದ ಹತ್ತಿರಕ್ಕೆ ಇಳಿದು ಹಿಡಿತ ಅರ್ಧದ ಆಸುಪಾಸಾಗುತ್ತದೆ. ಅದೇ ಹೊತ್ತಿಗೆ ಮಡಿಸಲು ಬೇಕಾದ ಬಲ ನಾಲ್ಕು ಪಟ್ಟು ಏರುತ್ತದೆ. ಎರಡು ಕಡೆಯಿಂದಲೂ ನಷ್ಟ. ಈ ಯಂತ್ರ ತೆಳು ತಗಡಿನದು. ಒಂದು ಮಿ.ಮೀ. ಆಸುಪಾಸಿನಲ್ಲಿ ಅದು ರಾಜ.

ಕಬ್ಬಿಣ ಮತ್ತು ಕೀಲು

ಗೋಡೆಗಳನ್ನು ತಳಕ್ಕೆ ವೆಲ್ಡ್ ಮಾಡುವ ಆಸೆಯಾಗುತ್ತದೆ. ಎರಡಡಿ ಉದ್ದಕ್ಕೆ ವೆಲ್ಡ್ ಹೊಡೆದರೆ ಕಬ್ಬಿಣ ಬಿಲ್ಲಿನಂತೆ ಬಾಗುತ್ತದೆ. ಮಿಲ್ಲಿಂಗ್ ಅಂಗಡಿಯಲ್ಲಿ ಕೂಡುವ ಮುಖಗಳನ್ನು ಸಮ ಮಾಡಿಸಿ, ತಳದಿಂದ ಕೌಂಟರ್‌ಸಂಕ್ ಬೋಲ್ಟ್ ಹಾಕಿ ಬಿಗಿಯಿರಿ. ಕೂಡುಸಂದಿನಲ್ಲಿ 0.1 ಮಿ.ಮೀ. ಬಿರುಕು ಉಳಿದರೂ ಅಲ್ಲಿ ನೂರಕ್ಕೂ ಹೆಚ್ಚು ಆಂಪಿಯರ್-ಸುತ್ತು ಪೋಲು. ಜೋಡಣೆ ಮುಗಿದ ಮೇಲೆ ಮೂರೂ ಗೋಡೆಗಳ ತಲೆಯನ್ನು ಒಂದೇ ಸಲಕ್ಕೆ ಗ್ರೈಂಡ್ ಮಾಡಿಸಿ.

ಸುರುಳಿಯನ್ನು ಮೋಟಾರು ರೀವೈಂಡಿಂಗ್ ಅಂಗಡಿಯವರಿಂದ ಸುತ್ತಿಸುವುದು ಜಾಣತನ. ಅವರಿಗೆ ಮರದ ಫಾರ್ಮರ್ ಒಂದನ್ನು ಮಾಡಿಕೊಟ್ಟು ಗೇಜು, ಸುತ್ತು, ಹೊರ ಅಳತೆ ಹೇಳಿದರೆ ಸಾಕು. ತಂತಿಯನ್ನು ತೂಕಕ್ಕೆ ಅವರೇ ತರುತ್ತಾರೆ. ಕಾಲುವೆಗೆ ಲೆದರಾಯ್ಡ್ ಕಾಗದ ಹಾಸಿ, ಸುರುಳಿ ಕೂರಿಸಿ, ವಾರ್ನಿಷ್ ಕುಡಿಸಿ ಒಣಗಿಸಬೇಕು. ಕಾಲುವೆಯ ಬಾಯಿಗೆ ಹಿತ್ತಾಳೆ ಅಥವಾ ಫೈಬರ್ ಪಟ್ಟಿ ಮುಚ್ಚಿ. ಅಲ್ಲಿ ಕಬ್ಬಿಣದ ದಪ್ಪ ಪಟ್ಟಿ ಹಾಕಿದರೆ ಪ್ರವಾಹ ಮೇಲೇರದೆ ಅಲ್ಲೇ ದಾಟಿಬಿಡುತ್ತದೆ.

ತೊಲೆಯ ಕೀಲಿನ ಅಕ್ಷ ಹಾಸಿನ ಮುಂದಂಚಿನ ಮೇಲುಗೆರೆಯಲ್ಲೇ ಇರಬೇಕು. ಕೆಳಗೆ ಹೋದರೆ ತೊಲೆ ಏಳುವಾಗ ತಗಡನ್ನು ಗೀರಿಕೊಂಡು ಜಾರುತ್ತದೆ, ಮಡಿಕೆ ಚೂಪಾಗಿ ಬರುವುದಿಲ್ಲ. ಬಾಟಮ್ಲಿಯವರ ಯಂತ್ರದಲ್ಲಿ ನಡುವೆ ಪಿನ್ನೇ ಇಲ್ಲದ ವಿಶೇಷ ಕೀಲು ಇದೆ. ಅದು ಮೇಲಕ್ಕೆ ಚಾಚಿಕೊಳ್ಳದ್ದರಿಂದ ಯಂತ್ರಕ್ಕಿಂತ ಉದ್ದದ ತಗಡನ್ನೂ ತೂರಿಸಬಹುದು. ಮನೆಯಲ್ಲಿ ಮಾಡುವವರಿಗೆ ಎರಡು ತುದಿಯಲ್ಲಿ ಒಂದೊಂದು ಗಟ್ಟಿ ಪಿನ್ ಕೀಲು ಸಾಕು, ತಗಡು ಅವೆರಡರ ನಡುವೆ ಹಿಡಿಸಬೇಕು ಅಷ್ಟೆ. ಮೇಲ್ಪಟ್ಟಿಯ ಮುಖವನ್ನು ಹಿಂದಕ್ಕೆ ಓರೆ ಮಾಡಿಸಿ. ತಗಡು ಮಡಿದ ಮೇಲೆ ಒಂದೆರಡು ಡಿಗ್ರಿ ಹಿಂದಕ್ಕೆ ಪುಟಿಯುತ್ತದೆ, ಆದ್ದರಿಂದ 90 ದಾಟಿ ಮಡಿಸಲು ಜಾಗ ಬೇಕು. ಪಟ್ಟಿಯನ್ನು ಇಡುವಾಗ ಮಡಿಕೆಯ ಗೆರೆಯಿಂದ ತಗಡಿನ ದಪ್ಪದಷ್ಟು ಹಿಂದೆ ಸರಿಸಿ ಇಡಿ.

ಕರೆಂಟಿನ ವಿಷಯದಲ್ಲಿ ಹಟ ಬೇಡ

ಇಲ್ಲಿಯವರೆಗಿನ ತಪ್ಪುಗಳಿಗೆ ದಂಡ ತಗಡಿನದು. ಇಲ್ಲಿಂದ ಮುಂದಿನವಕ್ಕೆ ದಂಡ ಮನುಷ್ಯನದು. ವೈರಿಂಗ್ ಬಲ್ಲವರಲ್ಲದಿದ್ದರೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರಿಗೇ ಬಿಡಿ. ಅವರು ಮಾಡಿದ್ದು ಹೀಗಿದೆಯೇ ಎಂದು ನೋಡಿಕೊಳ್ಳಿ.

ಕಬ್ಬಿಣದ ಮೈಗೆ ಬೋಲ್ಟ್ ಬಿಗಿದು ಅರ್ತ್ ಕೊಟ್ಟಿರಬೇಕು. ಪ್ಲಗ್ಗಿಗೆ ಮುಂಚೆ 30 ಮಿಲಿಆಂಪಿಯರ್ ಆರ್‌ಸಿಸಿಬಿ ಇರಬೇಕು. ರೆಕ್ಟಿಫೈಯರ್ ಇರುವುದರಿಂದ ಅದು ಎ ಟೈಪಿನದಾಗಿರಲಿ. ಸುರುಳಿಯ ಎರಡೂ ತುದಿ ಒಟ್ಟಿಗೆ ಮುಟ್ಟಿದರೆ ಆರ್‌ಸಿಸಿಬಿ ಕಾಪಾಡುವುದಿಲ್ಲ, ಆದ್ದರಿಂದ ಟರ್ಮಿನಲ್ಲುಗಳು ಮುಚ್ಚಿದ ಡಬ್ಬಿಯೊಳಗೆ ಇರಬೇಕು. ಸ್ವಿಚ್ಚು ರೆಕ್ಟಿಫೈಯರಿಗಿಂತ ಮುಂಚೆ, ಎ.ಸಿ. ಕಡೆಯಲ್ಲಿ, ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಕತ್ತರಿಸುವಂಥದ್ದು ಇರಬೇಕು. ಡಿ.ಸಿ. ಕಡೆ ಕತ್ತರಿಸಿದರೆ ಸುರುಳಿಯಲ್ಲಿ ಕೂಡಿಟ್ಟ ಶಕ್ತಿ ಸ್ವಿಚ್ಚಿನಲ್ಲಿ ಕಿಡಿಯಾಗಿ ಹಾರುತ್ತದೆ. ಎ.ಸಿ. ಕಡೆ ಕತ್ತರಿಸಿದರೆ ಅದು ಬ್ರಿಡ್ಜಿನ ಡಯೋಡುಗಳೊಳಗೇ ಸುತ್ತಿ ತಣ್ಣಗಾಗುತ್ತದೆ. ಮೊದಲ ಸಲ ಚಾಲೂ ಮಾಡುವ ಮುನ್ನ ಸುರುಳಿಗೂ ಮೈಗೂ ನಡುವೆ 500 ವೋಲ್ಟ್ ಮೆಗ್ಗರ್ ಹಾಕಿಸಿ. ಒಂದು ಮೆಗಾಓಮಿಗಿಂತ ಕಡಿಮೆ ಬಂದರೆ ಪ್ಲಗ್ ಹಾಕಲೇಬೇಡಿ.

ಬೆರಳಿನ ವಿಷಯ ಬೇರೆಯೇ. ಮೂರು ಟನ್ ಹಿಡಿತ ಬರುವಾಗ ಪಟ್ಟಿಯ ಕೆಳಗೆ ಬೆರಳಿದ್ದರೆ ಹೇಳಬೇಕಾದ್ದಿಲ್ಲ. ಆದ್ದರಿಂದ ಹಿಡಿತ ಎರಡು ಹಂತದಲ್ಲಿ ಬರಬೇಕು. ಮೊದಲ ಬಟನ್ ಒತ್ತಿದಾಗ ಪಟ್ಟಿ ಅಲುಗದಷ್ಟು ಮಾತ್ರ ಅಂಟಿಕೊಳ್ಳಲಿ. ಗ್ಯಾರೇಜು, ರಿಪೇರಿ ಅಂಗಡಿಗಳಲ್ಲಿ ಎಲ್ಲರಿಗೂ ಗೊತ್ತಿರುವ ಸೀರೀಸ್ ಬಲ್ಬ್ ಇದಕ್ಕೆ ಸಾಕು: 100 ವಾಟಿನ ಹಳೇ ಫಿಲಮೆಂಟ್ ಬಲ್ಬನ್ನು ಸಾಲಿನಲ್ಲಿ ಹಾಕಿದರೆ ಕರೆಂಟು ಹದಿನಾರರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ಈ ಸಣ್ಣ ಹಿಡಿತವೂ ಬೆರಳನ್ನು ಜಜ್ಜಬಲ್ಲದು, ಕೈ ದೂರವೇ ಇರಲಿ. ಒಂದು ಕೈ ಆ ಬಟನ್ ಮೇಲಿದ್ದು, ಇನ್ನೊಂದು ಕೈ ತೊಲೆಯ ಹಿಡಿಕೆಯನ್ನು ಎಳೆದಾಗ ಮೈಕ್ರೋಸ್ವಿಚ್ ಬಲ್ಬನ್ನು ದಾಟಿಸಿ ಪೂರ್ತಿ ಕರೆಂಟು ಕೊಡಬೇಕು. ಎರಡೂ ಕೈಗೆ ಕೆಲಸ ಕೊಟ್ಟರೆ ಬೆರಳು ಪಟ್ಟಿಯ ಕೆಳಗೆ ಹೋಗುವುದಿಲ್ಲ. ಪೇಸ್‌ಮೇಕರ್ ಹಾಕಿಸಿಕೊಂಡವರು ಮನೆಯಲ್ಲಿದ್ದರೆ ಈ ಯಂತ್ರವನ್ನು ಮನೆಯೊಳಗೆ ತರುವ ಯೋಚನೆ ಕೈಬಿಡಿ.

ಯಾರು ಮಾಡಬೇಕು?

ಎಲ್ಲ ಸೇರಿ ಯಂತ್ರ 35ರಿಂದ 40 ಕಿಲೋ ತೂಗುತ್ತದೆ. ಲಿಫ್ಟ್ ಇಲ್ಲದ ಮೂರನೇ ಮಹಡಿಯವರು ಮೊದಲು ಅದನ್ನು ಯೋಚಿಸಲಿ. ಸಾಮಾನು ಎಲ್ಲ ಊರಿನಲ್ಲೂ ಸಿಗುತ್ತದೆ. ಮುಂಬೈಯಲ್ಲಿ ಎಲೆಕ್ಟ್ರಿಕ್ ಸಾಮಾನಿಗೆ ಲೋಹಾರ್ ಚಾಳ್, ಹಾರ್ಡ್‌ವೇರಿಗೆ ನಾಗದೇವಿ ಸ್ಟ್ರೀಟ್, ಹೈದರಾಬಾದಿನವರಿಗೆ ರಾಣಿಗಂಜ್, ದಿಲ್ಲಿಯವರಿಗೆ ಚಾವ್ಡಿ ಬಜಾರ್. ಪುಣೆಯ ಭೋಸರಿ, ಚೆನ್ನೈನ ಅಂಬತ್ತೂರು ಕಡೆ ಮಿಲ್ಲಿಂಗ್ ಮಾಡಿಕೊಡುವ ಸಣ್ಣ ಅಂಗಡಿಗಳಿಗೆ ಬರವಿಲ್ಲ. ಅರ್ಧ ಕೆಲಸ ಅವರದು, ಅರ್ಧ ನಿಮ್ಮದು. ಅಳತೆ ಬರೆದ ಚಿತ್ರ ಕೈಯಲ್ಲಿದ್ದರೆ ಭಾಷೆಯ ತೊಡಕೂ ಇರುವುದಿಲ್ಲ. ಮಿಲ್ಲಿಮೀಟರು ಎಲ್ಲ ಊರಿನಲ್ಲೂ ಒಂದೇ.

ವರ್ಷಕ್ಕೊಂದು ಪೆಟ್ಟಿಗೆ ಮಾಡುವವರಿಗೆ ಇಷ್ಟು ಖರ್ಚು ದಂಡ. ತಿಂಗಳಿಗೆ ಎರಡು ಮೂರು ಬಾರಿ ತಗಡು ಮುಟ್ಟುವವರಿಗೆ, ನಾಲ್ಕೈದು ಸ್ನೇಹಿತರು ಸೇರಿ ಒಂದು ಗ್ಯಾರೇಜಿನಲ್ಲಿ ಇಟ್ಟುಕೊಳ್ಳುವವರಿಗೆ ಇದು ಸರಿ. ಮನೆಯಲ್ಲಿ ಹೈಸ್ಕೂಲಿನ ಮಕ್ಕಳಿದ್ದರೆ ಲೆಕ್ಕ ಹಾಕುವ ಭಾಗವನ್ನು ಅವರ ಕೈಗೆ ಕೊಡಿ. ಓಮನ ನಿಯಮ ಅವರಿಗೆ ಪರೀಕ್ಷೆಗೆ ಬಂದಿರುತ್ತದೆ. ಸುತ್ತು ಹೆಚ್ಚಿಸಿದರೂ ಹಿಡಿತ ಏಕೆ ಹೆಚ್ಚುವುದಿಲ್ಲ ಎಂದು ಅದೇ ನಿಯಮದಿಂದ ಅವರೇ ಕಂಡುಕೊಂಡ ದಿನ ಅದು ಅವರದಾಗುತ್ತದೆ.

ಯಂತ್ರ ಸಿದ್ಧವಾದ ಮೇಲೆ ಮೊದಲ ಕೆಲಸವಾಗಿ ಅಂಗೈಯಗಲದ ಒಂದು ಪೆಟ್ಟಿಗೆ ಮಾಡಿ. ಮೂರು ಗೋಡೆ ಯಾವ ಉಪಾಯದಿಂದಲೂ ಏಳುತ್ತವೆ. ನಾಲ್ಕನೆಯದು ಮೂಲೆ ಕೂಡಿ ನೆಟ್ಟಗೆ ಎದ್ದರೆ ನಿಮ್ಮ ಕಬ್ಬಿಣ, ತಾಮ್ರ, ಕೀಲು ಮೂರೂ ಸರಿಯಾಗಿವೆ ಎಂದರ್ಥ.

ಮುಂದಿನ ಕಂತಿನಲ್ಲಿ: ಮಡಿಸುವ ಮುನ್ನ ತಗಡನ್ನು ಎಷ್ಟಕ್ಕೆ ಕತ್ತರಿಸಬೇಕು, ಮಡಿಕೆ ತಿನ್ನುವ ಅಳತೆಯ ಲೆಕ್ಕ ಹೇಗೆ.